ಬ್ರೌಸರು ಹಳೆಯ ಟ್ಯಾಬುಗಳನ್ನು ತಾನಾಗಿ ತೆರೆಯದಂತೆ ಮಾಡುವ ಕ್ರಮ

ಗಣಕಯಂತ್ರದ ಪಾಠಕ್ಕೆ ಬರುವ ವಿದ್ಯಾರ್ಥಿನಿಯರು ನಮ್ಮನ್ನು ಆಗಾಗ್ಗೆ ಕೇಳುವ ಪ್ರಶ್ನೆ ಒಂದುಂಟು. ಹೇಗಂದರೆ, ನಿನ್ನೆ ಬ್ರೌಸರನ್ನು ಮುಚ್ಚಿ ಹೋದೆವು. ಇಂದು ತೆರೆದ ಕೂಡಲೆ ನಿನ್ನೆಯ ಟ್ಯಾಬುಗಳೆಲ್ಲವೂ ಕರೆಯದೆ ಬಂದ ನೆಂಟರಂತೆ ಸಾಲಾಗಿ ನಿಲ್ಲುವದೇಕೆ? ಈ ಪ್ರಶ್ನೆಯು ಅಲ್ಪವೆಂದು ತೋರಿದರೂ ಇದರಲ್ಲಿ ತಿಳಿಯತಕ್ಕ ವಿಷಯವು ಬಹಳವಿರುವದರಿಂದ ಇದನ್ನು ಇಲ್ಲಿ ಕ್ರಮವಾಗಿ ವಿವರಿಸುವೆವು.

1. ಕಾರಣ

ಬ್ರೌಸರು ತಾನು ತೆರೆದಿರುವ ಪುಟಗಳ ಪಟ್ಟಿಯನ್ನು ಯಂತ್ರದ ಡಿಸ್ಕಿನಲ್ಲಿ ಬರೆದಿಡುತ್ತಾ ಇರುವದು. ವಿದ್ಯುತ್ತು ಹಠಾತ್ತಾಗಿ ಹೋದರೆ ಓದುಗನ ಶ್ರಮವು ವ್ಯರ್ಥವಾಗಬಾರದೆಂಬದೇ ಇದರ ಉದ್ದೇಶ. ಫೈರ್‌ಫಾಕ್ಸ್ ಎಂಬ ಬ್ರೌಸರಿಗೆ 2006ರಲ್ಲಿ ಹೊರಟ ಎರಡನೆಯ ಆವೃತ್ತಿಯಲ್ಲಿ ಈ ಅನುಕೂಲವು ಸೇರಿತು. ಆದುದರಿಂದ ಇದು ಯಂತ್ರದ ದೋಷವಲ್ಲ. ನಂಬಿಗಸ್ತ ಸೇವಕನು ಹೇಳದಿದ್ದರೂ ಮಾಡುವ ಕೆಲಸದಂತಿರುವದು. ಬೇಡವಾದಾಗ ಬೇಡವೆಂದು ನಾವೇ ಹೇಳಬೇಕು.

2. ಬೇಡವೆನ್ನುವದೇಕೆ?

ಮನೆಯಲ್ಲಿ ಒಬ್ಬಳೇ ಉಪಯೋಗಿಸುವ ಯಂತ್ರದಲ್ಲಿ ಇದರಿಂದ ಆಗುವ ತೊಂದರೆಯು ಸ್ವಲ್ಪವೇ. ಯಂತ್ರವು ನಿಧಾನವಾಗುವದು, ಇಂಟರ್‌ನೆಟ್ಟಿನ ಡೇಟಾ ವ್ಯಯವಾಗುವದು. ಆದರೆ ಅನೇಕರು ಒಂದೇ ಯಂತ್ರವನ್ನು ಉಪಯೋಗಿಸುವ ಶಾಲೆಯಲ್ಲಿ ವಿಷಯವು ಬೇರೆ. ನಾವು ಒಂದು ತಾಣಕ್ಕೆ ಗುಪ್ತಪದವನ್ನು ಕೊಟ್ಟು ಪ್ರವೇಶಿಸಿದಾಗ, ಆ ತಾಣವು ನಮ್ಮ ಗುರುತಿಗಾಗಿ ಕುಕಿ ಎಂಬ ಚೀಟಿಯನ್ನು ಬ್ರೌಸರಿನ ಕೈಗೆ ಕೊಡುವದು. ಇವುಗಳಲ್ಲಿ ಕೆಲವು ಬ್ರೌಸರನ್ನು ಮುಚ್ಚಿದೊಡನೆ ಅಳಿಯತಕ್ಕವು. ಆದರೆ ಹಳೆಯ ಟ್ಯಾಬುಗಳನ್ನು ತಿರಿಗಿ ತೆರೆಯುವ ಏರ್ಪಾಡಿದ್ದರೆ ಕ್ರೋಮ್, ಫೈರ್‌ಫಾಕ್ಸ್ ಮೊದಲಾದವು ಅವನ್ನೂ ಉಳಿಸಿಕೊಳ್ಳುವವು. ಆಗ ಮುಂದೆ ಕುಳಿತುಕೊಳ್ಳುವವಳು ಗುಪ್ತಪದವನ್ನರಿಯದೆಯೂ ಹಿಂದಿನವಳ ಅಂಚೆಪೆಟ್ಟಿಗೆಯೊಳಗೆ ಇರುವಳು. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಬರೆದ ತಂದೆಯ ವರಮಾನ, ಬ್ಯಾಂಕಿನ ಲೆಕ್ಕದ ಸಂಖ್ಯೆ, ತಾಯಿಗೆ ಬರೆದ ಮನೆಯ ಕಷ್ಟ, ಇವು ಪರರ ಕಣ್ಣಿಗೆ ಬೀಳುವದು ಯಾರಿಗೆ ಒಪ್ಪಿತವಾದೀತು?

3. ಮಾಡತಕ್ಕ ಕ್ರಮ

ಕ್ರೋಮ್: ಬಲಮೇಲಿನ ಮೂರು ಚುಕ್ಕೆಗಳನ್ನೊತ್ತಿ, ‘ಸೆಟ್ಟಿಂಗ್ಸ್’ ಎಂಬದನ್ನು ತೆರೆದು, ‘ಆನ್ ಸ್ಟಾರ್ಟ್‌ಅಪ್’ ಎಂಬ ಭಾಗಕ್ಕೆ ಹೋಗಿರಿ. ‘ಕಂಟಿನ್ಯೂ ವೇರ್ ಯು ಲೆಫ್ಟ್ ಆಫ್’ ಎಂಬದನ್ನು ಬಿಟ್ಟು ‘ಓಪನ್ ದಿ ನ್ಯೂ ಟ್ಯಾಬ್ ಪೇಜ್’ ಎಂಬದನ್ನು ಆರಿಸಿರಿ.

ಎಡ್ಜ್: ಸೆಟ್ಟಿಂಗ್ಸಿನಲ್ಲಿ ‘ಸ್ಟಾರ್ಟ್, ಹೋಮ್’ ಎಂದು ಆರಂಭವಾಗುವ ಭಾಗದೊಳಗೆ, ಎಡ್ಜ್ ಆರಂಭವಾಗುವಾಗ ಏನು ತೆರೆಯಬೇಕೆಂಬಲ್ಲಿ ಹೊಸ ಟ್ಯಾಬಿನ ಪುಟವನ್ನು ಆರಿಸಿರಿ.

ಫೈರ್‌ಫಾಕ್ಸ್: ಸೆಟ್ಟಿಂಗ್ಸಿನಲ್ಲಿ ‘ಓಪನ್ ಪ್ರೀವಿಯಸ್ ವಿಂಡೋಸ್ ಆ್ಯಂಡ್ ಟ್ಯಾಬ್ಸ್’ ಎಂಬದರ ಮುಂದಿರುವ ಗುರುತನ್ನು ತೆಗೆಯಿರಿ.

ಸಫಾರಿ: ಮ್ಯಾಕ್ ಯಂತ್ರದಲ್ಲಿ ಸಫಾರಿಯ ಸೆಟ್ಟಿಂಗ್ಸಿನ ‘ಜನರಲ್’ ಭಾಗದಲ್ಲಿ, ‘ಸಫಾರಿ ಓಪನ್ಸ್ ವಿತ್’ ಎಂಬಲ್ಲಿ ಹೊಸ ಕಿಟಿಕಿಯನ್ನು ಆರಿಸಿರಿ.

4. ಆದರೂ ತೆರೆದರೆ?

ಮೂರು ಸಂಗತಿಗಳನ್ನು ಪರೀಕ್ಷಿಸಿರಿ. ಮೊದಲನೆಯದು, ಟ್ಯಾಬನ್ನು ಯಾರಾದರೂ ‘ಪಿನ್’ ಮಾಡಿರಬಹುದು. ಅಂಥದು ಸೆಟ್ಟಿಂಗನ್ನು ಬದಲಾಯಿಸಿದರೂ ಮರಳಿ ಬರುವದು. ಅದರ ಮೇಲೆ ಮೌಸಿನ ಬಲಗುಂಡಿಯನ್ನೊತ್ತಿ ‘ಅನ್‌ಪಿನ್’ ಮಾಡಿರಿ. ಎರಡನೆಯದು, ಬ್ರೌಸರನ್ನು ಮುಚ್ಚದೆ ವಿದ್ಯುತ್ತಿನ ಸ್ವಿಚ್ಚನ್ನೇ ಆರಿಸಿದರೆ ಅದು ಅಪಘಾತವೆಂದು ತಿಳಿದು ಬ್ರೌಸರು ಹಳೆಯದನ್ನು ತರಲು ಯತ್ನಿಸುವದು. ಆದಕಾರಣ ಮೊದಲು ಬ್ರೌಸರನ್ನು, ಆಮೇಲೆ ಯಂತ್ರವನ್ನು ಕ್ರಮವಾಗಿ ಮುಚ್ಚಿರಿ. ಮೂರನೆಯದು, ವಿಂಡೋಸ್ ತಾನೇ ತೆರೆದಿದ್ದ ಕಾರ್ಯಕ್ರಮಗಳನ್ನು ಪುನಃ ಆರಂಭಿಸುತ್ತಿರಬಹುದು. ವಿಂಡೋಸಿನ ಸೆಟ್ಟಿಂಗ್ಸಿನಲ್ಲಿ ‘ಅಕೌಂಟ್ಸ್’, ಅದರೊಳಗೆ ‘ಸೈನ್-ಇನ್ ಆಪ್ಶನ್ಸ್’ ಎಂಬಲ್ಲಿ ಅದನ್ನು ನಿಲ್ಲಿಸಬಹುದು.

5. ಎಚ್ಚರಿಕೆಯ ಮಾತು

ಇಷ್ಟು ಮಾಡಿದ ಮಾತ್ರಕ್ಕೆ ಹಿಂದಿನದೆಲ್ಲವೂ ಅಳಿಯಿತೆಂದು ಭಾವಿಸಬಾರದು. ನೋಡಿದ ಪುಟಗಳ ಹೆಸರು ‘ಹಿಸ್ಟರಿ’ಯಲ್ಲಿ ಉಳಿದಿರುವದು, ಮುಚ್ಚಿದ ಟ್ಯಾಬುಗಳನ್ನು ಅಲ್ಲಿಂದ ಮರಳಿ ತೆರೆಯಬಹುದು. ಬಾಗಿಲನ್ನು ಮುಚ್ಚುವದು ಬೇರೆ, ಬೀಗ ಹಾಕುವದು ಬೇರೆ. ತಾಣದಿಂದ ‘ಸೈನ್ ಔಟ್’ ಮಾಡುವದೇ ಬೀಗ. ಪರರ ಯಂತ್ರದಲ್ಲಿ ಕುಳಿತಾಗ ಖಾಸಗಿ ಕಿಟಿಕಿಯನ್ನು ಉಪಯೋಗಿಸಿ, ಕೆಲಸ ತೀರಿದೊಡನೆ ಅದನ್ನು ಮುಚ್ಚುವದು ಉತ್ತಮ. ಅದರ ಟ್ಯಾಬುಗಳು ಮುಂದಿನ ಸಲ ತೆರೆಯುವದಿಲ್ಲ. ಪುನಃ ಬೇಕಾಗುವ ಪುಟವಿದ್ದರೆ ಸ್ವಂತ ಯಂತ್ರದಲ್ಲಿ ಬುಕ್‌ಮಾರ್ಕ್ ಮಾಡಿರಿ, ಶಾಲೆಯಲ್ಲಾದರೆ ನೋಟುಪುಸ್ತಕದಲ್ಲಿ ವಿಳಾಸವನ್ನು ಬರೆದುಕೊಳ್ಳಿರಿ.

ಪರರ ಪುಟವು ಅಕಸ್ಮಾತ್ತಾಗಿ ಕಣ್ಣಿಗೆ ಬಿದ್ದರೆ ಓದದೆ ಸೈನ್ ಔಟ್ ಮಾಡಿ, ಆಕೆಗೆ ತಿಳಿಸತಕ್ಕದ್ದು. ತೆರೆದ ಕಾಗದವನ್ನು ಓದದೆ ಮಡಿಸಿ ಕೊಡುವ ಮರ್ಯಾದೆಯು ಯಂತ್ರದ ಮುಂದೆಯೂ ಸಲ್ಲತಕ್ಕದ್ದೇ.

ಅಭ್ಯಾಸ

(1) ಬ್ರೌಸರು ಪುಟಗಳ ಪಟ್ಟಿಯನ್ನು ಬರೆದಿಡುವದೇಕೆ?
(2) ಟ್ಯಾಬನ್ನು ಮುಚ್ಚುವದಕ್ಕೂ ಸೈನ್ ಔಟ್ ಮಾಡುವದಕ್ಕೂ ಭೇದವೇನು?
(3) ನಿಮ್ಮ ಮನೆಯ ಬ್ರೌಸರಿನಲ್ಲಿ ಈ ಕ್ರಮವನ್ನು ನಡಿಸಿ, ತಾಯಿಗೂ ತಂಗಿಗೂ ಕಲಿಸಿರಿ.