ಅಂಗೈಯ ಹಣ, ಅಂಗೈಯ ವೈದ್ಯ

2016ರಲ್ಲಿ ಆರಂಭವಾದ ಯುಪಿಐ ಹಣಪಾವತಿ ವ್ಯವಸ್ಥೆಯಿಂದ ತರಕಾರಿಯಂಗಡಿಯ ಚಿಲ್ಲರೆ ಬಾಕಿಯೂ ಕ್ಷಣಮಾತ್ರದಲ್ಲಿ ತೀರುವಂತಾಗಿರುವುದೂ, ಸರಕಾರದ ದೂರವೈದ್ಯ ಸೇವೆಯಾದ ಇ-ಸಂಜೀವನಿಯ ಮೂಲಕ ಹಳ್ಳಿಯ ರೋಗಿಯು ದೂರದ ವೈದ್ಯರ ಸಲಹೆಯನ್ನು ನಿಶ್ಶುಲ್ಕವಾಗಿ ಪಡೆಯುವಂತಾಗಿರುವುದೂ ಸಂತೋಷದ ಸಂಗತಿಗಳೇ ಸರಿ. ಆದರೆ ಸೌಕರ್ಯವು ಹೆಚ್ಚಿದಷ್ಟೂ ವಿವೇಕವು ಜಾಗೃತವಾಗಿರಬೇಕು.

ಹಣವನ್ನು ಕಳುಹಿಸುವುದಕ್ಕೆ ಪಿನ್ ಬೇಕೇ ಹೊರತು ಪಡೆಯುವುದಕ್ಕೆ ಬೇಡ. ಆದುದರಿಂದ ‘ಹಣ ಬರುತ್ತದೆ, ಪಿನ್ ಒತ್ತಿರಿ’ ಎಂದು ಯಾರು ಎಷ್ಟೇ ವಿನಯದಿಂದ ಹೇಳಿದರೂ ಅದನ್ನು ವಂಚನೆಯೆಂದೇ ತಿಳಿಯತಕ್ಕದ್ದು. ಅಕಸ್ಮಾತ್ ಮೋಸಹೋದಲ್ಲಿ ಸಂಕೋಚದಿಂದ ಕಾಲಹರಣ ಮಾಡದೆ, ಹಣವು ಬೇರೆ ಖಾತೆಗಳಿಗೆ ಹರಿದುಹೋಗುವ ಮುನ್ನವೇ ಸೈಬರ್ ವಂಚನೆಯ ಸಹಾಯವಾಣಿಯಾದ 1930ಕ್ಕೆ ಕರೆಮಾಡಿ, ಬ್ಯಾಂಕಿಗೂ ತಿಳಿಸಿರಿ.

ಆರೋಗ್ಯದ ಆ್ಯಪಿಗೆ ರೋಗವಿವರವನ್ನು ಒಪ್ಪಿಸುವ ಮೊದಲು ಅದು ಯಾರದೆಂದು ವಿಚಾರಿಸಿರಿ. ಎದೆನೋವಿನಂಥ ತುರ್ತಿನಲ್ಲಿ ಅದನ್ನು ನೆಚ್ಚದೆ ಆಂಬ್ಯುಲೆನ್ಸ್ ಸೇವೆಯ 108ಕ್ಕೆ ಕರೆಮಾಡಿರಿ. ಮನೆಯ ಹಿರಿಯರಿಗೆ ಇವೆಲ್ಲವನ್ನೂ ತಾಳ್ಮೆಯಿಂದ ಕಲಿಸಿಕೊಡುವುದು ಕಿರಿಯರ ಕರ್ತವ್ಯ.