ಭಾರವಿಲ್ಲದ ಮಣ್ಣು: ಮಿಥ್ಯಾವಾಸ್ತವದಲ್ಲಿ ಡಿಜಿಟಲ್ ಶಿಲ್ಪಕಲೆ

ಪೀಠಿಕೆ

ಶಿಲ್ಪ ರೂಪುಗೊಳ್ಳುವ ಬಗೆ ಮುಖ್ಯವಾಗಿ ಎರಡು. ಬಂಡೆಯಿಂದ ಬೇಡವಾದುದನ್ನು ಕೆತ್ತಿ ತೆಗೆಯುವುದು ಒಂದು. ಮಣ್ಣನ್ನು ಮೆತ್ತುತ್ತ ರೂಪವನ್ನು ಬೆಳೆಸುವುದು ಇನ್ನೊಂದು. ಮಡಕಶಿರಾ ಸೀಮೆಗೆ ಸಮೀಪದ ಲೇಪಾಕ್ಷಿಯಲ್ಲಿರುವ, ಸುಮಾರು 27 ಅಡಿ ಉದ್ದ ಹಾಗೂ 15 ಅಡಿ ಎತ್ತರದ ಏಕಶಿಲಾ ನಂದಿ ಮೊದಲನೆಯದಕ್ಕೆ ನಿದರ್ಶನ. ಭಾದ್ರಪದದಲ್ಲಿ ಮಕ್ಕಳು ಮಾಡುವ ಮಣ್ಣಿನ ಗಣಪ ಎರಡನೆಯದಕ್ಕೆ. ಮಿಥ್ಯಾವಾಸ್ತವದಲ್ಲಿ, ಅಂದರೆ ವರ್ಚುವಲ್ ರಿಯಾಲಿಟಿಯಲ್ಲಿ, ಮಾಡುವ ಶಿಲ್ಪಕ್ಕೆ ಈ ಎರಡು ಬಗೆಗಳೂ ಒದಗುತ್ತವೆ. ಅಲ್ಲಿ ಇಲ್ಲದಿರುವುದು ಕಲ್ಲು ಮತ್ತು ಮಣ್ಣು ಮಾತ್ರ. ಆ ಕೊರತೆಯಿಂದ ವಿದ್ಯಾರ್ಥಿಗೆ ಏನು ದೊರೆಯುತ್ತದೆ, ಏನು ತಪ್ಪಿಹೋಗುತ್ತದೆ ಎಂಬುದೇ ಈ ಪಾಠದ ವಿಷಯ.

ಉದ್ದೇಶಗಳು

1. ಮೂರು ಆಯಾಮಗಳ ರೂಪವನ್ನು ಎಲ್ಲ ದಿಕ್ಕುಗಳಿಂದ ನೋಡುವ ಅಭ್ಯಾಸವನ್ನು ಬೆಳೆಸುವುದು.
2. ಮಾಧ್ಯಮ ಬದಲಾದಂತೆ ಶಿಲ್ಪದ ನಿಯಮಗಳು ಬದಲಾಗುವುದನ್ನು ಪ್ರಯೋಗದಿಂದ ಕಂಡುಕೊಳ್ಳುವುದು.
3. ಕೈಯ ಕ್ರಿಯೆಗಳನ್ನು ಕನ್ನಡದಲ್ಲಿ ಖಚಿತವಾಗಿ ಹೆಸರಿಸುವುದು.

ಉಪಕರಣದ ಸ್ವರೂಪ

ಎರಡು ಕಣ್ಣುಗಳಿಗೆ ತುಸು ಭಿನ್ನವಾದ ಎರಡು ಚಿತ್ರಗಳನ್ನು ತೋರಿಸಿದರೆ ಮನಸ್ಸು ಅವುಗಳನ್ನು ಬೆಸೆದು ಆಳವನ್ನು ಕಾಣುತ್ತದೆ. ಚಾರ್ಲ್ಸ್ ವೀಟ್‌ಸ್ಟೋನ್ 1838ರಲ್ಲಿಯೇ ಸ್ಟೀರಿಯೋಸ್ಕೋಪ್ ಎಂಬ ಸಾಧನದ ಮೂಲಕ ಇದನ್ನು ವಿವರಿಸಿದ್ದರು. ಇಂದಿನ ಹೆಡ್‌ಸೆಟ್ ಇದೇ ತತ್ತ್ವವನ್ನು ಬಳಸುತ್ತದೆ. ಜೊತೆಗೆ ತಲೆಯ ಚಲನೆಯನ್ನು ಅಳೆದು, ತಲೆ ತಿರುಗಿದಂತೆ ದೃಶ್ಯವನ್ನೂ ತಿರುಗಿಸುತ್ತದೆ. ಎರಡು ಕೈಗಳಲ್ಲಿರುವ ಹಿಡಿಕೆಗಳು ಉಳಿಯೂ ಬೆರಳೂ ಆಗುತ್ತವೆ. 2016ರಲ್ಲಿ ಆಕ್ಯುಲಸ್ ಸಂಸ್ಥೆ ಹೊರತಂದ ‘ಮೀಡಿಯಂ’ ಎಂಬ ತಂತ್ರಾಂಶ ಈ ಬಗೆಯ ಶಿಲ್ಪರಚನೆಯನ್ನು ಪರಿಚಯಿಸಿದವುಗಳಲ್ಲಿ ಒಂದು. 2019ರಲ್ಲಿ ಅದು ಅಡೋಬಿ ಸಂಸ್ಥೆಯ ಪಾಲಾಯಿತು.

ಸಾಮಾನ್ಯ ಗಣಕದ ತೆರೆ ಚಪ್ಪಟೆಯಾದುದು. ಮೌಸ್ ಚಲಿಸುವುದೂ ಸಮತಲದಲ್ಲಿಯೇ. ಮೂರ್ತಿಯ ಬೆನ್ನನ್ನು ಕಾಣಲು ಅದನ್ನು ತಿರುಗಿಸಬೇಕು. ಹೆಡ್‌ಸೆಟ್ ಧರಿಸಿದವರು ಮೂರ್ತಿಯನ್ನು ಸುತ್ತಿ ಬರಬಹುದು, ಬಾಗಿ ಅಡಿಭಾಗವನ್ನು ನೋಡಬಹುದು, ಅಂಗೈಯಗಲದ ಬಸವನನ್ನು ಲೇಪಾಕ್ಷಿಯ ನಂದಿಯಷ್ಟು ಹಿಗ್ಗಿಸಿ ಅದರ ನೆರಳಿನಲ್ಲಿ ನಿಲ್ಲಬಹುದು. ಆಳದ ಈ ನೇರ ಅನುಭವವೇ ಹೊಸ ಮಾಧ್ಯಮದ ದೊಡ್ಡ ಲಾಭ.

ಬಲೆ ಮತ್ತು ಕಾಳಿನ ರಾಶಿ

ಗಣಕವು ರೂಪವನ್ನು ನೆನಪಿಡುವ ಎರಡು ವಿಧಾನಗಳನ್ನು ವಿದ್ಯಾರ್ಥಿಗಳಿಗೆ ಹೋಲಿಕೆಗಳಿಂದ ತಿಳಿಸಬಹುದು. ಮೊದಲನೆಯದು ಮೆಶ್. ಇದು ಮೀನಿನ ಬಲೆಯಂತೆ ಮೂರ್ತಿಯ ಹೊರಮೈಯನ್ನು ಮಾತ್ರ ಹೊದಿಸುತ್ತದೆ. ಒಂದೆಡೆ ಬಲವಾಗಿ ಎಳೆದರೆ ಬಲೆಯ ಕಣ್ಣುಗಳು ಹಿಗ್ಗಿ, ಅಲ್ಲಿ ಸೂಕ್ಷ್ಮ ವಿವರಗಳು ನಿಲ್ಲುವುದಿಲ್ಲ. ಎರಡನೆಯದು ವಾಕ್ಸೆಲ್. ಇದು ರಾಗಿಕಾಳಿನ ರಾಶಿಯಂತೆ. ಒಳಗೂ ಹೊರಗೂ ಸಣ್ಣ ಸಣ್ಣ ಘನಗಳು. ಎರಡು ರಾಶಿಗಳನ್ನು ತಾಗಿಸಿದರೆ ಒಂದಾಗುತ್ತವೆ, ನಡುವೆ ತೂತು ಕೊರೆದರೂ ರೂಪ ಕೆಡುವುದಿಲ್ಲ.

ಇಲ್ಲಿ ಗಣಿತಕ್ಕೂ ಅವಕಾಶವಿದೆ. ಒಂದೊಂದು ಬದಿಗೆ 100 ಘನಗಳಿದ್ದರೆ ಒಟ್ಟು 10,00,000 ಆಗುತ್ತವೆ. ಘನದ ಅಂಚನ್ನು ಅರ್ಧಕ್ಕೆ ಇಳಿಸಿ ಬದಿಗೆ 200 ಮಾಡಿದರೆ 80,00,000. ನಯ ಎರಡು ಪಟ್ಟಾದರೆ ಗಣಕದ ಹೊರೆ ಎಂಟು ಪಟ್ಟಾಗುತ್ತದೆ. ಆದ್ದರಿಂದಲೇ ಮೊದಲು ಒರಟಾದ ದೊಡ್ಡ ರೂಪ, ಕೊನೆಗೆ ಕಣ್ಣು ಕಿವಿಗಳ ವಿವರ ಎಂಬ ಕ್ರಮವನ್ನು ಪಾಲಿಸಬೇಕು. ಮಣ್ಣಿನ ಕೆಲಸದಲ್ಲಿಯೂ ಇದೇ ಕ್ರಮವಿದೆ. ಅಲ್ಲಿ ಅದಕ್ಕೆ ಕಾರಣ ಗಣಕವಲ್ಲ, ರೂಪದ ಪ್ರಮಾಣ.

ತಪ್ಪಿಹೋಗುವುದು

ಮಿಥ್ಯಾವಾಸ್ತವದ ಮಣ್ಣಿಗೆ ಭಾರವಿಲ್ಲ, ಒದ್ದೆಯಿಲ್ಲ, ಪ್ರತಿರೋಧವಿಲ್ಲ. ಹಿಡಿಕೆ ತುಸು ಕಂಪಿಸಬಹುದು, ಆದರೆ ಕೈಯನ್ನು ತಡೆಯಲಾರದು. ಮುರಿದ ಕಲ್ಲು ಮತ್ತೆ ಕೂಡದು. ಇಲ್ಲಿ ಒಂದು ಗುಂಡಿ ಒತ್ತಿದರೆ ತಪ್ಪು ಅಳಿಸಿಹೋಗುತ್ತದೆ. ಇದರಿಂದ ಪ್ರಯೋಗಕ್ಕೆ ಧೈರ್ಯ ಬರುತ್ತದೆ ನಿಜ. ಆದರೆ ಏಟು ಹಾಕುವ ಮೊದಲು ಯೋಚಿಸುವ ಶಿಸ್ತು ತಾನಾಗಿ ಬರುವುದಿಲ್ಲ. ಆ ಶಿಸ್ತಿಗೆ ನಿಜವಾದ ಮಣ್ಣೇ ಗುರು. ಹೀಗಾಗಿ ಹೆಡ್‌ಸೆಟ್ ಇರುವ ಶಾಲೆಯಲ್ಲಿಯೂ ಪಾಠ ಮಣ್ಣಿನಿಂದಲೇ ಆರಂಭವಾಗತಕ್ಕದ್ದು.

ಮಾತು ಮತ್ತು ಕೈ

ಇಂಥ ತಂತ್ರಾಂಶಗಳ ಪಟ್ಟಿಯಲ್ಲಿರುವ ಪದಗಳು ಸಾಮಾನ್ಯವಾಗಿ ಇಂಗ್ಲಿಷಿನವು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮಲಯಾಳಂ, ತಮಿಳು, ಮರಾಠಿ ಅಥವಾ ತೆಲುಗು ಕೇಳುವ ಮಗು ಇದನ್ನು ಕಂಡು, ಹೊಸ ವಿದ್ಯೆಗೆ ತನ್ನ ಭಾಷೆಯಲ್ಲಿ ಮಾತಿಲ್ಲವೆಂದು ಭಾವಿಸುವ ಸಂಭವವಿದೆ. ವಾಸ್ತವ ಬೇರೆ. ‘ಇನ್‌ಫ್ಲೇಟ್’ ಎಂದರೆ ಉಬ್ಬಿಸು, ‘ಪಿಂಚ್’ ಎಂದರೆ ಚಿವುಟು, ‘ಸ್ಮೂತ್’ ಎಂದರೆ ನಯಗೊಳಿಸು, ‘ಫ್ಲಾಟನ್’ ಎಂದರೆ ಚಪ್ಪಟೆ ಮಾಡು, ‘ಟ್ವಿಸ್ಟ್’ ಎಂದರೆ ತಿರುಚು, ‘ಡ್ರ್ಯಾಗ್’ ಎಂದರೆ ಎಳೆ. ರೊಟ್ಟಿ ತಟ್ಟುವ, ಹಿಟ್ಟು ನಾದುವ, ಗೋಡೆಗೆ ಮಣ್ಣು ಮೆತ್ತುವ ಮನೆಯ ಮಗುವಿಗೆ ಈ ಕ್ರಿಯಾಪದಗಳು ಪಾಠಕ್ಕೆ ಮೊದಲೇ ಗೊತ್ತು. ಶಿಕ್ಷಕರು ಅವುಗಳನ್ನು ಹೊಸದಾಗಿ ಕಲಿಸಬೇಕಿಲ್ಲ, ಹೊರತರಿಸಿದರೆ ಸಾಕು. ಪ್ರಾದೇಶಿಕ ರೂಪಗಳು ಬಂದರೆ ಅವನ್ನೂ ಕಪ್ಪುಹಲಗೆಯ ಮೇಲೆ ಬರೆಯುವುದು ಸೂಕ್ತ.

ತರಗತಿ ಚಟುವಟಿಕೆ (3 ಅವಧಿ)

ಮೊದಲ ಅವಧಿ: ಪ್ರತಿ ಗುಂಪು ಮಣ್ಣಿನಲ್ಲಿ ಎರಡು ಬಸವಗಳನ್ನು ಮಾಡಲಿ; ಒಂದು ಕುಳಿತದ್ದು, ಇನ್ನೊಂದು ತೆಳುವಾದ ನಾಲ್ಕು ಕಾಲುಗಳ ಮೇಲೆ ನಿಂತದ್ದು. ನಿಂತ ಬಸವ ಹಸಿಯಿರುವಾಗಲೇ ಕುಸಿಯುವುದನ್ನು ಗಮನಿಸಲಿ. ಕಾಲು ಮಡಿಸಿ ಕುಳಿತ ಭಂಗಿಯಲ್ಲಿ ಮೈಯ ಭಾರ ನೆಲಕ್ಕೆ ನೇರವಾಗಿ ಇಳಿಯುವುದನ್ನೂ, ಮುರಿಯುವಂಥ ತೆಳು ಭಾಗಗಳು ಕಡಿಮೆಯಿರುವುದನ್ನೂ ಲೇಪಾಕ್ಷಿಯ ನಂದಿಯ ಚಿತ್ರ ತೋರಿಸಿ ಚರ್ಚಿಸಬಹುದು.

ಎರಡನೆಯ ಅವಧಿ: ಅದೇ ನಿಂತ ಬಸವನನ್ನು ಡಿಜಿಟಲ್ ಮಣ್ಣಿನಲ್ಲಿ ಮಾಡಿಸಬೇಕು. ಹೆಡ್‌ಸೆಟ್ ಇಲ್ಲದ ಶಾಲೆಗಳಲ್ಲಿ ಬ್ರೌಸರ್‌ನಲ್ಲಿಯೇ ಉಚಿತವಾಗಿ ತೆರೆಯುವ ಸ್ಕಲ್ಪ್ಟ್‌ಜಿಎಲ್ ಸಾಕಾಗುತ್ತದೆ. ಬಸವ ಇಲ್ಲಿ ಕುಸಿಯುವುದಿಲ್ಲ, ನೆಲವಿಲ್ಲದೆಯೂ ನಿಲ್ಲುತ್ತದೆ. ಏಕೆ ಎಂಬುದಕ್ಕೆ ವಿದ್ಯಾರ್ಥಿಗಳೇ ಉತ್ತರ ಹುಡುಕಲಿ.

ಮೂರನೆಯ ಅವಧಿ: ಮತ್ತೆ ಮಣ್ಣಿಗೆ ಮರಳಿ, ನಿಂತ ಬಸವ ಕುಸಿಯದಂತೆ ಉಪಾಯ ಹೂಡಬೇಕು. ಕಾಲು ದಪ್ಪಗೊಳಿಸುವುದು, ಒಳಗೆ ಕಡ್ಡಿ ಇಡುವುದು, ಹೊಟ್ಟೆಯ ಕೆಳಗೆ ಆಧಾರ ಬಿಡುವುದು, ಇವುಗಳಲ್ಲಿ ಯಾವುದನ್ನಾದರೂ ಆಯ್ದುಕೊಳ್ಳಲಿ. ಬಳಿಕ ತಾವು ಮಾಡಿದ್ದನ್ನು ಕನಿಷ್ಠ ಎಂಟು ಕ್ರಿಯಾಪದಗಳನ್ನು ಬಳಸಿ ಬರೆಯಲಿ.

ಎಚ್ಚರಿಕೆ

ಹೆಡ್‌ಸೆಟ್ ಬಳಸುವ ಮುನ್ನ ತಯಾರಕರು ಸೂಚಿಸಿದ ವಯೋಮಿತಿಯನ್ನು ನೋಡಿ, ಪೋಷಕರ ಒಪ್ಪಿಗೆ ಪಡೆಯಬೇಕು. ಒಂದು ಬಾರಿಗೆ ಕೆಲವೇ ನಿಮಿಷ ಸಾಕು. ತಲೆಸುತ್ತು ಅಥವಾ ವಾಕರಿಕೆ ಕಂಡರೆ ತಕ್ಷಣ ತೆಗೆಯಿಸಬೇಕು. ಸುತ್ತಲಿನ ಜಾಗ ತೆರವಾಗಿರಲಿ, ಪಕ್ಕದಲ್ಲಿ ಒಬ್ಬರು ನಿಂತಿರಲಿ.

ಮೌಲ್ಯಮಾಪನ

ಮೂರ್ತಿಯ ಅಂದಕ್ಕೆ ಅಂಕ ಬೇಡ. ಒಂದು ಮಾಧ್ಯಮದಲ್ಲಿ ಸಾಧ್ಯವಾದುದು ಇನ್ನೊಂದರಲ್ಲಿ ಏಕೆ ಸಾಧ್ಯವಾಗಲಿಲ್ಲ ಎಂಬುದನ್ನು ವಿದ್ಯಾರ್ಥಿ ತನ್ನ ಮಾತಿನಲ್ಲಿ ವಿವರಿಸಬಲ್ಲನೇ, ವಿವರಿಸಬಲ್ಲಳೇ ಎಂಬುದನ್ನು ಪರಿಶೀಲಿಸಬೇಕು. ಕುಸಿದ ಬಸವನ ಕಾರಣವನ್ನು ಸರಿಯಾಗಿ ಹೇಳಿದ ಮಗು, ಕುಸಿಯದ ಬಸವನನ್ನು ಸುಮ್ಮನೆ ತೋರಿಸಿದ ಮಗುವಿಗಿಂತ ಹೆಚ್ಚು ಕಲಿತಿದೆ.