ಕೈತೋಟದ ಹುಳುಗಳು: ಕೊಲ್ಲುವ ಮುನ್ನ ಗುರುತಿಸಿ

ಅಲಸಂಡೆ ಬಳ್ಳಿಯ ಎಳೆ ತುದಿಗೆ ಕಪ್ಪಗೆ ಹೇನು ಮುತ್ತಿದೆ, ಕಾಂಡದ ಮೇಲೆ ಇರುವೆಗಳ ಸಾಲು ಓಡಾಡುತ್ತಿದೆ. ಇದನ್ನು ಕಂಡೊಡನೆ ಅನೇಕರು ಅಂಗಡಿಯಿಂದ ಕೀಟನಾಶಕ ತಂದು ಸಿಂಪಡಿಸುತ್ತಾರೆ. ಮಕ್ಕಳು ವಿಷವಿಲ್ಲದ ತರಕಾರಿ ತಿನ್ನಲೆಂದೇ ಕೈತೋಟ ಮಾಡಿದವರೂ ಹೀಗೆ ಮಾಡುವುದು ವಿಚಿತ್ರ. ಕೀಟನಾಶಕ ಹೊಡೆದ ಮೇಲೆ ಕೊಯ್ಲಿಗೆ ಇಂತಿಷ್ಟು ದಿನ ಕಾಯಬೇಕೆಂಬ ಸೂಚನೆ ಇರುತ್ತದೆ. ಎರಡು ದಿನಕ್ಕೊಮ್ಮೆ ಅಲಸಂಡೆ, ಬೆಂಡೆ ಕೊಯ್ಯುವ ಮನೆಯಲ್ಲಿ ಅಷ್ಟು ಕಾಯುವವರು ಯಾರು?

ಆ ಇರುವೆಗಳು ಗಿಡ ತಿನ್ನಲು ಬಂದವಲ್ಲ. ಹೇನು ಗಿಡದ ರಸ ಹೀರಿ ಸಿಹಿಯಾದ ಅಂಟು ದ್ರವವನ್ನು ಹೊರಹಾಕುತ್ತದೆ. ಇರುವೆಗೆ ಬೇಕಾದದ್ದು ಅದು. ಅದಕ್ಕಾಗಿಯೇ ಅವು ಹೇನುಗಳಿಗೆ ಕಾವಲು ನಿಂತು, ಹೇನು ತಿನ್ನಲು ಬರುವ ಕೀಟಗಳನ್ನು ಓಡಿಸುತ್ತವೆ. ಪೈಪಿನ ನೀರನ್ನು ಜೋರಾಗಿ ಹಾಯಿಸಿ ಹೇನುಗಳನ್ನು ಉದುರಿಸಿ. ಒಂದೆರಡು ದಿನ ಬಿಟ್ಟು ಮತ್ತೆ ಹಾಗೆಯೇ ಮಾಡಿ. ಸಿಹಿ ಸಿಗದಿದ್ದರೆ ಇರುವೆಗಳು ತಾವಾಗಿ ಹೋಗುತ್ತವೆ. ಇರುವೆ ಮತ್ತು ಜೇನ್ನೊಣಗಳನ್ನು ಕೊಲ್ಲುವುದನ್ನು ಪ್ರವಾದಿ(ಸ) ನಿಷೇಧಿಸಿದ ಹದೀಸ್ ಅಬೂದಾವೂದ್‌ನಲ್ಲಿದೆ. ಕುರ್‌ಆನಿನ 16ನೆಯ ಅಧ್ಯಾಯಕ್ಕೆ ಜೇನ್ನೊಣದ ಹೆಸರು, 27ನೆಯದಕ್ಕೆ ಇರುವೆಯ ಹೆಸರು.

ಹೇನಿನ ದೊಡ್ಡ ಶತ್ರು ಗುಲಗಂಜಿ ಹುಳು. ಹೊಳೆಯುವ ಕೆಂಪು ಅಥವಾ ಹಳದಿ ಬೆನ್ನಿನ ಮೇಲೆ ಕಪ್ಪು ಗುರುತುಗಳಿರುವ ಇದನ್ನು ಎಲ್ಲರೂ ಬಲ್ಲರು. ಆದರೆ ಇದರ ಮರಿಯನ್ನು ಬಲ್ಲವರು ಕಡಿಮೆ. ಅದು ಪುಟ್ಟ ಮೊಸಳೆಯಂತೆ ಉದ್ದಕ್ಕೆ, ಕಪ್ಪು ಮೈಯಲ್ಲಿ ಕಿತ್ತಳೆ ಚುಕ್ಕೆ ಹೊತ್ತಿರುತ್ತದೆ. ನೋಡಲು ಅಸಹ್ಯವೆಂದು ಹೊಸಕಿ ಹಾಕುವವರೇ ಹೆಚ್ಚು. ಹೇನು ತಿನ್ನುವುದರಲ್ಲಿ ಈ ಮರಿಯೂ ತಾಯಿಗೇನೂ ಕಡಿಮೆಯಿಲ್ಲ.

ಬದನೆಯಲ್ಲಿ ಮಾತ್ರ ಎಚ್ಚರ ಬೇಕು. ಅಲ್ಲಿ ಇದೇ ಕುಟುಂಬದ ಇನ್ನೊಂದು ಹುಳು ಎಲೆ ತಿನ್ನುತ್ತದೆ. ಬೆನ್ನಿಗೆ ಹೊಳಪಿಲ್ಲ, ತಾಮ್ರದ ಬಣ್ಣ, ಸಾಮಾನ್ಯವಾಗಿ 28 ಚುಕ್ಕೆ. ಮರಿ ಹಳದಿ, ಮೈತುಂಬ ಮುಳ್ಳು. ಎಲೆಯ ಹಸಿರನ್ನು ಕೆರೆದು ತಿಂದು ಬಲೆಯಂತೆ ಮಾಡಿಬಿಡುತ್ತದೆ. ಬೆಳಿಗ್ಗೆ ಎಲೆಗಳ ಅಡಿ ನೋಡಿ, ಇವನ್ನೂ ಇವುಗಳ ಹಳದಿ ಮೊಟ್ಟೆಗಳನ್ನೂ ಕೈಯಿಂದ ಆರಿಸಿ ಸಾಬೂನು ನೀರಿಗೆ ಹಾಕಿದರೆ ಸಾಕು. ಬದನೆಯ ಕುಡಿ ಬಾಡಿ ಜೋತಿದ್ದರೆ ಒಳಗೆ ಕೊರೆಯುವ ಹುಳುವಿದೆ ಎಂದರ್ಥ; ಆ ಕುಡಿಯನ್ನು ಕತ್ತರಿಸಿ ನಾಶಪಡಿಸಿ.

ಇಷ್ಟಕ್ಕೂ ಹತೋಟಿಗೆ ಬರದಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಕೆಲವು ಹನಿ ಸಾಬೂನು ದ್ರಾವಣ ಬೆರೆಸಿ ಸಿಂಪಡಿಸಬಹುದು. ಸಂಜೆಯೇ ಸಿಂಪಡಿಸಿ. ಹಾಗಲ, ಸೌತೆಯ ಗಂಡು ಹೂ, ಹೆಣ್ಣು ಹೂ ಬೇರೆಬೇರೆ. ಬೆಳಿಗ್ಗೆ ಬರುವ ಜೇನ್ನೊಣಗಳು ಪರಾಗ ಮುಟ್ಟಿಸದಿದ್ದರೆ ಮಿಡಿಗಳು ಹಳದಿಯಾಗಿ ಉದುರುತ್ತವೆ.

ಈಗಾಗಲೇ ತಂದಿಟ್ಟ ಕೀಟನಾಶಕ ಮನೆಯಲ್ಲಿದ್ದರೆ ಅದನ್ನು ಜ್ಯೂಸ್ ಬಾಟಲಿಗೆ ಸುರಿದಿಡಬೇಡಿ. ಮೂಲ ಡಬ್ಬದಲ್ಲೇ, ಅಡುಗೆಮನೆಯಿಂದ ದೂರ, ಬೀಗ ಹಾಕಿಡಿ. ಮಗು ಕುಡಿದ ಸಂಶಯವಿದ್ದರೆ ವಾಂತಿ ಮಾಡಿಸಲು ಹೋಗದೆ, ಆ ಡಬ್ಬವನ್ನೂ ಹಿಡಿದುಕೊಂಡು ತಕ್ಷಣ ಆಸ್ಪತ್ರೆಗೆ ಒಯ್ಯಿರಿ.